ಎರಡು ಸಲ ಬಾರಿಸಿ ನಿಂತ ಗಂಟೆ

ಸಿನಿಮಾಕ್ಕೆ ಹೋದರೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುವುದು ನನ್ನ ಹಳೆಯ ಚಟ. ಎಲೆ ಅಡಿಕೆ ಬಿಟ್ಟೆ, ನಶ್ಯ ಬಿಟ್ಟೆ, ಡಾಕ್ಟರು ಕಣ್ಣು ಬಿಟ್ಟರೆಂದು ಸಂಜೆಯ ಕಾಫಿಯನ್ನೂ ಬಿಟ್ಟೆ, ಇದೊಂದನ್ನು ಬಿಡಲಾಗಲಿಲ್ಲ. "ನಿಮ್ಮೊಟ್ಟಿಗೆ ಸಿನಿಮಾಕ್ಕೆ ಹೋದ್ರೆ ಅವರು ಕಸ ಗುಡಿಸುದನ್ನೂ ನೋಡ್ಬೇಕು" ಎಂದು ನನ್ನ ಹೆಂಡತಿ ಸರಸ್ವತಿ ಗೊಣಗುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ದಾರಿಯಲ್ಲಿ ತಡವಾಗಿ, ತೆರೆಯ ಮೇಲೆ ಸಿನಿಮಾ ತೆಗೆದ ಕಂಪೆನಿಯ ಗುರುತು ಬಂದು ಹೋಗಿಬಿಟ್ಟಿದ್ದರೆ ನಾನು ಒಳಗೆ ಹೋಗುವುದೇ ಇಲ್ಲ. ಮದುವೆಯಾದ ಹೊಸತರಲ್ಲಿ ಹೀಗೇ ಒಮ್ಮೆ, ಮಲ್ಲಿಗೆ ಮುಡಿದು ಸಿಂಗಾರವಾಗಿ ಬಂದವಳನ್ನು ಥಿಯೇಟರಿನ ಬಾಗಿಲಿನಿಂದಲೇ ತಿರುಗಿಸಿ ಮನೆಗೆ ಕರೆತಂದೆ. ಆ ಮಲ್ಲಿಗೆಯ ಸುದ್ದಿ ನಮ್ಮ ಮನೆಯಲ್ಲಿ ಇಂದಿಗೂ ಬಾಡಿಲ್ಲ.

ಮೊನ್ನೆ ಮೊಮ್ಮಗಳು ಟಿವಿಯಲ್ಲಿ ಒಂದು ದೆವ್ವದ ಸಿನಿಮಾ ಹಾಕಿದಳು. ಕಂಪೆನಿಯ ಗುರುತು ಇನ್ನೂ ಅರ್ಧ ಮೂಡಿತ್ತು, ಅಷ್ಟರಲ್ಲಿ ರಿಮೋಟಿನ ಗುಂಡಿ ಒತ್ತಿ ಅದನ್ನು ಹಾರಿಸಿಯೇಬಿಟ್ಟಳು.

"ಅದನ್ನು ಯಾಕೆ ಓಡಿಸಿದೆ ಪುಟ್ಟಿ?" ಎಂದೆ.

"ಅದುಲ ಒಣ್ಣುಮೇ ಇಲ್ಲ ತಾತಾ. ಸುಮ್ಮಾ ಲೋಗೋ ದಾನೆ" ಎಂದಳು.

ನಮ್ಮ ಮನೆಯಲ್ಲಿ ಪ್ರಶ್ನೆ ಕನ್ನಡದಲ್ಲಿ ಹೋದರೆ ಉತ್ತರ ತಮಿಳಿನಲ್ಲಿ ಬರುತ್ತದೆ, ಅದಕ್ಕೆ ನಾವು ಹೊಂದಿಕೊಂಡಿದ್ದೇವೆ. ಆದರೆ ಈ ಉತ್ತರಕ್ಕೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ಅದರಲ್ಲಿ ಏನೂ ಇಲ್ಲವಂತೆ. ಸುಮ್ಮನೆ ಒಂದು ಲೋಗೋ ಅಂತೆ. ಆ ಸುಮ್ಮನೆ ಲೋಗೋ ಇಲ್ಲದೆ ಹೋಗಿದ್ದರೆ ಅವಳ ತಾತ ಪೆರಂಬೂರಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಕೂತೇ ಮುದುಕನಾಗುತ್ತಿದ್ದ. ಗಲ್ಲಾದಲ್ಲಿ ಕೂರುವುದು ಕೆಟ್ಟ ಕೆಲಸವೆಂದು ನಾನು ಹೇಳುವುದಿಲ್ಲ, ಆ ಅನ್ನವನ್ನೇ ಉಂಡು ಬೆಳೆದವನು ನಾನು. ಆದರೆ ನನಗೆ ಅದು ಬೇಡವಾಗಿತ್ತು. ಬೇಡವೆಂದರೆ ಬೇಡವೇ.

ಆ ಹೋಟೆಲು ನಮ್ಮ ಅಣ್ಣಯ್ಯನದು. ಉಡುಪಿಯ ಕಡೆಯಿಂದ ಮದ್ರಾಸಿಗೆ ಬಂದು, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಎದುರಿಗೆ ಹೋಟೆಲು ಹಾಕಿ, ಊರಿನಲ್ಲಿ ಹೈಸ್ಕೂಲು ಮುಗಿಸಿ ಕೈಕಟ್ಟಿ ಕೂತಿದ್ದ ನನ್ನನ್ನು ಕರೆಸಿಕೊಂಡವನು ಅವನು. ನನ್ನನ್ನು ಗಲ್ಲಾದಲ್ಲಿ ಕೂರಿಸಿ ತಾನು ಇನ್ನೊಂದು ಕಡೆ ಹೊಸ ಹೋಟೆಲು ತೆಗೆಯಬೇಕೆಂಬುದು ಅವನ ಲೆಕ್ಕಾಚಾರ. ನಾನೋ, ಬಂದ ಒಂದೇ ವರ್ಷದಲ್ಲಿ ವಡಪಳನಿಯ ಒಂದು ಸ್ಟುಡಿಯೊದ ಎಡಿಟಿಂಗ್ ಕೋಣೆಯಲ್ಲಿ ಸಹಾಯಕನಾಗಿ ಸೇರಿಕೊಂಡೆ. ಚಿತ್ರದ ಸುರುಳಿ ಒಂದು ಕಡೆ, ಶಬ್ದದ ಸುರುಳಿ ಇನ್ನೊಂದು ಕಡೆ. ಎರಡನ್ನೂ ಜೋಡಿಯಾಗಿ ಓಡಿಸಿ, ಕತ್ತರಿಸಿ, ಅಂಟಿಸುವುದು ಅಲ್ಲಿಯ ಕೆಲಸ. "ಓದಿಸಿದ್ದು ಇದಕ್ಕಾ? ಕತ್ತರಿ ಹಿಡಿಯುದೇ ಆದ್ರೆ ಕ್ಷೌರದ ಅಂಗಡಿ ಇಲ್ಲೇ ಹತ್ತಿರ ಉಂಟಲ್ಲ" ಎಂದು ಅಣ್ಣಯ್ಯ ಕೇಳಿದ್ದ. ಕೇಳಿದನೇ ಹೊರತು ಬಿಡಿಸಲಿಲ್ಲ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ, ಕಾಯುವ ಎಂಬ ಧೈರ್ಯ ಅವನಿಗೆ.

ಆ ಕಾಲದ ಕಂಪೆನಿಗಳ ಗುರುತುಗಳನ್ನು ನೀವು ನೋಡಬೇಕಿತ್ತು. ಒಂದರಲ್ಲಿ ಆನೆ ಸೊಂಡಿಲೆತ್ತಿ ನೀರು ಸುರಿಯುವುದು, ಇನ್ನೊಂದರಲ್ಲಿ ತಾವರೆ ಅರಳಿ ಒಳಗಿನಿಂದ ದೇವಿ ಏಳುವುದು. ಪೆರಂಬೂರಿನ ಟೆಂಟಿನಲ್ಲಿ ಗುರುತು ಮೂಡುತ್ತಿದ್ದಂತೆ ಮುಂದಿನ ಮಣ್ಣಿನಲ್ಲಿ ಕೂತವರು ಕರ್ಪೂರ ಹಚ್ಚುತ್ತಿದ್ದರು. ನಮ್ಮ ಅತ್ತಿಗೆಯಂತೂ ಕತ್ತಿವರಸೆಯ ಸಿನಿಮಾವಿರಲಿ, ಕಳ್ಳರ ಸಿನಿಮಾವಿರಲಿ, ಗುರುತು ಬಂದೊಡನೆ ಚಪ್ಪಲಿ ಕಳಚಿ ಕೈ ಮುಗಿಯುವಳು. ಅದಕ್ಕೆ ಅವಳದೇ ಒಂದು ವೇದಾಂತವಿತ್ತು. "ದೇವರು ಮೊದಲೇ ಬಂದು ಮುಖ ತೋರಿಸಿ ಹೋಗಿದ್ದಾರೆ. ಇನ್ನು ನಡುವಲ್ಲಿ ಎಂತ ಆದ್ರೂ ಕಡೆಗೆ ಎಲ್ಲ ಸರಿಯಾಗ್ತದೆ" ಎನ್ನುತ್ತಿದ್ದಳು. ಈಗಿನವರು ಸಿನಿಮಾದ ಬಗ್ಗೆ ದೊಡ್ಡ ದೊಡ್ಡ ಭಾಷಣ ಮಾಡುತ್ತಾರೆ. ನಮ್ಮ ಅತ್ತಿಗೆಯ ಈ ಒಂದು ಮಾತಿಗಿಂತ ಹೆಚ್ಚಿನದನ್ನು ಅವರಿಂದ ನಾನು ಕಲಿತಿಲ್ಲ.

ನಮ್ಮ ಸ್ಟುಡಿಯೊದ ಗುರುತು ದೀಪ. ಬಳೆ ತೊಟ್ಟ ಒಂದು ಕೈ ಬಂದು ಕಾಲುದೀಪಕ್ಕೆ ಬತ್ತಿ ಹಚ್ಚುವುದು. ಗಂಟೆ ಮೂರು ಸಲ ಟಣ್, ಟಣ್, ಟಣ್ ಎನ್ನುವುದು. ಮೂರನೆಯದು ಮುಗಿದದ್ದೇ ನಾದಸ್ವರ ಮೊಳಗಿ ಕಂಪೆನಿಯ ಹೆಸರು ಬೆಳಗುವುದು. ಆ ಕೈ ನಮ್ಮ ಮೊದಲಾಳಿಯ, ಅಂದರೆ ಸ್ಟುಡಿಯೊದ ಯಜಮಾನರ ತಾಯಿಯದು. ಆಕೆ ತೀರಿಹೋಗಿದ್ದರು. ಮೊದಲಾಳಿ ಪ್ರತಿ ಸಿನಿಮಾದ ಮೊದಲ ಪ್ರದರ್ಶನದಲ್ಲೂ ಎದ್ದು ನಿಂತು ಆ ಕೈಗೆ ನಮಸ್ಕರಿಸಿ ಆಮೇಲೆ ಕೂರುತ್ತಿದ್ದರು. ಹಾಗಾಗಿ ಆ ದೀಪವಿಲ್ಲದೆ ನಮ್ಮಲ್ಲಿ ಒಂದು ಸಿನಿಮಾವೂ ಹೊರಗೆ ಹೋಗುವಂತಿರಲಿಲ್ಲ.

ಇಂಥ ಸ್ಟುಡಿಯೊದಲ್ಲಿ ಒಂದು ಕನ್ನಡ ದೆವ್ವದ ಸಿನಿಮಾ ತಯಾರಾಯಿತು. ನಿರ್ದೇಶಕರು ಮೈಸೂರಿನ ರಾಯರು. ಬಹಳ ಸಜ್ಜನರು, ದೆವ್ವಕ್ಕೂ ಬಹುವಚನ ಹಚ್ಚಿ ಮಾತಾಡುವವರು. ಕಥೆ ಸರಳ: ವರ್ಷಗಟ್ಟಲೆ ಬೀಗ ಹಾಕಿದ್ದ ಒಂದು ದೊಡ್ಡ ಮನೆ, ಅದನ್ನು ತೆರೆಯಲು ಬರುವ ಗಂಡ ಹೆಂಡತಿ, ಒಳಗೆ ಬಿಳಿ ಸೀರೆಯ ಒಬ್ಬಳು. ಎಡಿಟಿಂಗ್ ಮುಗಿದ ಮೇಲೆ ಸ್ಟುಡಿಯೊದವರ ಮನೆಮಂದಿಗೆಲ್ಲ ಒಂದು ಟ್ರಯಲ್ ತೋರಿಸಿದರು. ಬೆಳಗ್ಗೆ ತಿಂಡಿಯ ಗಲಾಟೆ ಮುಗಿಸಿಕೊಂಡು ಅಣ್ಣಯ್ಯ, ಅತ್ತಿಗೆ ಬಂದರು. ನಾನು ಅವರ ಪಕ್ಕದಲ್ಲೇ ಕೂತೆ, ತಮ್ಮನ ಕೈಚಳಕ ನೋಡಲಿ ಎಂದು.

ದೀಪ ಹತ್ತಿತು. ಅತ್ತಿಗೆ ಚಪ್ಪಲಿ ಕಳಚಿದಳು. ಗಂಟೆ ಮೂರು ಸಲ ಬಾರಿಸಿತು, ನಾದಸ್ವರ ಊದಿತು, ಎಲ್ಲರೂ ಕೈ ಮುಗಿದು, ಮದುವೆ ಮನೆಗೆ ಬಂದವರಂತೆ ಹಾಯಾಗಿ ಒರಗಿ ಕೂತರು. ಆಗಲೇ ನಮ್ಮ ಕಥೆ ಮುಗಿದಿತ್ತು, ನಮಗೆ ಗೊತ್ತಾಗಲಿಲ್ಲ ಅಷ್ಟೆ. ಪಾಳು ಮನೆ ಬಂತು. ಜನ ಕೋಡುಬಳೆ ಮುರಿದರು. ಬಾಗಿಲು ಕಿರ್ ಎಂದಿತು. "ಎಣ್ಣೆ ಹಾಕ್ಬೇಕು ಅದಕ್ಕೆ" ಎಂದು ಹಿಂದಿನಿಂದ ಯಾರೋ ಅಂದರು. ಕೊನೆಗೆ ಬಿಳಿ ಸೀರೆಯವಳು ಮೆಟ್ಟಿಲಿಳಿದು ಬಂದಾಗ ಅತ್ತಿಗೆ ನನ್ನ ಕಡೆ ಬಗ್ಗಿ, "ಮಾರಾಯ, ಸೀರೆಗೆ ಇಸ್ತ್ರಿ ಎಷ್ಟು ಲಾಯ್ಕಾಗಿ ಹಾಕಿದ್ದಾರೆ. ಯಾರು ಹಾಕಿದ್ದು?" ಎಂದು ಕೇಳಿದಳು. ಸುತ್ತಲಿನವರೆಲ್ಲ ನಕ್ಕರು. ಆ ನಗು ಒಂದು ಸಲ ಹತ್ತಿಕೊಂಡದ್ದು ಮತ್ತೆ ಆರಲಿಲ್ಲ. ದೆವ್ವ ಬಂದಾಗಲೆಲ್ಲ ನಗು. ರಾಯರು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಅವರದೇನೂ ತಪ್ಪಿಲ್ಲ ಬಿಡಿ" ಎಂದರು. ಜನರ ಬಗ್ಗೆ ಹೇಳಿದರೋ ದೆವ್ವದ ಬಗ್ಗೆ ಹೇಳಿದರೋ ತಿಳಿಯಲಿಲ್ಲ.

ಹೊರಗೆ ಬಂದ ಮೇಲೆ ಅಣ್ಣಯ್ಯ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ನ್ಯಾಯವಂತ ಅವನು, ಗೆದ್ದೆನೆಂದು ಬೀಗುವವನಲ್ಲ.

"ಇದು ಟ್ರಯಲ್ ಅಲ್ವಾ. ಟ್ರಯಲಿನಲ್ಲಿ ನಾನು ತೀರ್ಮಾನ ಮಾಡುದಿಲ್ಲ" ಎಂದ. "ಮದ್ರಾಸಿನಲ್ಲಿ ಮೊದಲ ಆಟ ಆಗ್ತದಲ್ಲ, ಅವತ್ತು ಬರ್ತೇನೆ. ಜನ ಹೆದರಿದ್ರೆ ಸರಿ, ನೀನು ಇಲ್ಲೇ ಇರು. ನಾನು ಮತ್ತೆ ಬಾಯಿ ತೆಗೆಯುದಿಲ್ಲ. ಹೀಗೇ ನಗಾಡಿದ್ರೆ ಮರುದಿನ ಬೆಳಗ್ಗೆ ನೀನು ಗಲ್ಲಾದಲ್ಲಿ. ಆಯ್ತಾ?"

"ಆಯ್ತು" ಎಂದೆ. ಬೇರೇನು ಹೇಳಲಿ? ಬಸ್ಸಿನಲ್ಲಿ ಅತ್ತಿಗೆ, "ನಾನು ಆ ಸೀರೆ ಸುದ್ದಿ ಎತ್ಬಾರ್ದಿತ್ತು ಅಲ್ವಾ?" ಎಂದು ಮೆಲ್ಲಗೆ ಕೇಳಿದಳು. ಅವಳ ತಪ್ಪಲ್ಲ. ದೇವರು ಬಂದು ಅಭಯ ಕೊಟ್ಟು ಹೋದ ಮೇಲೆ ಮನುಷ್ಯರು ಸೀರೆ ನೋಡದೆ ಇನ್ನೇನು ನೋಡುತ್ತಾರೆ?

ರಾಯರಿಗೂ ಇದೇ ಹೊಳೆದಿತ್ತು. ಮೊದಲಾಳಿಯ ಮುಂದೆ ಹೋಗಿ, ಈ ಒಂದು ಸಿನಿಮಾಕ್ಕೆ ದೀಪ ಬೇಡವೆಂದು ಬಿನ್ನವಿಸಿಕೊಂಡರು. ಮೊದಲಾಳಿ ಸಿಟ್ಟಾಗಲಿಲ್ಲ. "ಅದು ಎಂಗಮ್ಮಾ ಕೈ, ರಾಯರೇ. ಅದು ಮಟ್ಟುಂ ಮುಡಿಯಾದು" ಎಂದರು. ತಾಯಿಯ ಕೈ, ಅದೊಂದು ಮಾತ್ರ ಆಗದು ಎಂದ ಮೇಲೆ ರಾಯರು ಎದ್ದು ಬಂದರು. ನಾನು ನನ್ನ ಪಾಲಿನ ಮೂರ್ಖತನಗಳನ್ನೆಲ್ಲ ಮಾಡಿ ನೋಡಿದೆ. ದೀಪದ ಹಿಂದೆ ಗೂಬೆಯ ಕೂಗು ಸೇರಿಸಿದೆ. ನಾದಸ್ವರದ ಜೊತೆ ಸೇರಿ ಅದು ಆಡು ಕೂಗಿದಂತೆ ಕೇಳಿಸಿತು. ನಾದಸ್ವರವನ್ನು ನಿಧಾನವಾಗಿ ಓಡಿಸಿದೆ. ಊದುವ ವಿದ್ವಾಂಸರಿಗೆ ಹೊಟ್ಟೆನೋವು ಬಂದಂತೆ ಕೇಳಿಸಿತು. ಕೊನೆಗೆ, ಗಲ್ಲಾದ ಕುರ್ಚಿಗೆ ಒಂದು ದಿಂಬು ಬೇಕಾಗುತ್ತದೆ ಎಂದು ಯೋಚಿಸುವ ಸ್ಥಿತಿಗೆ ಬಂದೆ.

ಇನ್ನು ನಮ್ಮ ಹೋಟೆಲಿನ ಬೆಳಗಿನ ಪದ್ಧತಿ ಹೇಳಬೇಕು. ಅಣ್ಣಯ್ಯ ಸ್ನಾನ ಮಾಡಿ, ಗಲ್ಲಾದ ಮೇಲಿನ ಕೃಷ್ಣನ ಪಟಕ್ಕೆ ದೀಪ ಹಚ್ಚಿ, ಕೈಗಂಟೆಯನ್ನು ಮೂರು ಸಲ ಬಾರಿಸುತ್ತಿದ್ದ. ಮೊದಲ ಲೋಟ ಕಾಫಿ ಕೃಷ್ಣನ ಮುಂದೆ. ಆಮೇಲೆ "ಹ್ಞಾ, ಬನ್ನಿ" ಎಂದರೆ ಗಿರಾಕಿಗಳು ಒಳಗೆ. ವರ್ಕ್‌ಶಾಪಿನ ಕೆಲಸಗಾರರೆಲ್ಲ ಖಾಕಿ ತೊಟ್ಟು ಬುತ್ತಿ ಹಿಡಿದು ಹೊರಗೆ ಕಾಯುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು, ಡಿಕಾಕ್ಷನ್ನಿನ ಘಮ ಬೀದಿಗೆಲ್ಲ ಹೊಡೆಯುತ್ತಿತ್ತು. ಆದರೂ ಮೂರನೆಯ ಗಂಟೆಯ ಮೊದಲು ಯಾರೂ ಹೊಸ್ತಿಲು ದಾಟಿದವರಲ್ಲ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದ ರೂಢಿ.

ಒಂದು ಬೆಳಗ್ಗೆ ನಾನು ಒಳಗಿನ ಬೆಂಚಿನಲ್ಲಿ ಜೋಲು ಮುಖ ಹಾಕಿ ಕೂತಿದ್ದೆ. ಅಣ್ಣಯ್ಯ ಗಂಟೆ ಎತ್ತಿದ. ಟಣ್. ಟಣ್. ಮೂರನೆಯದಕ್ಕೆ ಕೈ ಬೀಸಿದಾಗ ಗಂಟೆಯ ನಾಲಿಗೆ ಕಳಚಿ ಎಲ್ಲೋ ಹಾರಿ ಬಿತ್ತು. ಕೈ ಬೀಸಿತು, ಶಬ್ದವಿಲ್ಲ.

ಹೊರಗಿನವರಿಗೆ ನಾಲಿಗೆ ಬಿದ್ದದ್ದು ಕಾಣಿಸಲಿಲ್ಲ. ಅವರು ಕಾದರು. ಮುಂದೆ ನಿಂತಿದ್ದ ದಪ್ಪ ಮೀಸೆಯವನು ಒಂದು ಕಾಲನ್ನು ಹೊಸ್ತಿಲ ಮೇಲೆತ್ತಿದ್ದ. ಅದು ಎತ್ತಿದಲ್ಲೇ ನಿಂತಿತು. ಹರಟೆ ನಿಂತಿತು. ಎಲ್ಲರ ಕಣ್ಣೂ ಒಳಗೆ. ವರ್ಕ್‌ಶಾಪಿನ ಸಂಗು, ಅಂದರೆ ಸೈರನ್ನು, ಕೂಗಿತು. ಕೆಲಸಕ್ಕೆ ಹೊತ್ತಾಯಿತು, ಆದರೂ ಒಬ್ಬನೂ ಅಲುಗಲಿಲ್ಲ. ದಿನಾ ನೋಡುವ ಅದೇ ಹೋಟೆಲು, ಅದೇ ದೀಪ, ಅದೇ ಅಣ್ಣಯ್ಯ. ಅದರೊಳಗೆ ಇವತ್ತು ಏನೋ ನಡೆದಿದೆ ಎಂಬಂತೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. "ಎನ್ನ ಸಾಮಿ, ಎನ್ನಾಚ್ಚು?" ಏನಾಯಿತೆಂದು ಮೀಸೆಯವನು ಕೇಳಿದಾಗ ಅವನ ದನಿ ಇಳಿದುಹೋಗಿತ್ತು. ಆಗ ಅತ್ತಿಗೆ ಅಡುಗೆಮನೆಯಿಂದ ಬಂದು ಸೌಟಿನಿಂದ ಒಂದು ಲೋಟಕ್ಕೆ ಟಣ್ ಎಂದು ಬಾರಿಸಿದಳು. ಎಲ್ಲರೂ ಉಸಿರು ಬಿಟ್ಟು, ನಕ್ಕು, ಒಳಗೆ ನುಗ್ಗಿದರು.

ನಾನು ಕಾಫಿ ಕುಡಿಯದೆ ಬಸ್ಸಿಗೆ ಓಡಿದೆ.

ಸ್ಟುಡಿಯೊದಲ್ಲಿ ತಾಯಿಯ ಕೈಯನ್ನು ನಾನು ಮುಟ್ಟಲಿಲ್ಲ. ಚಿತ್ರ ಇದ್ದ ಹಾಗೆ ಇತ್ತು. ಶಬ್ದದ ಸುರುಳಿಯಿಂದ ಮೂರನೆಯ ಗಂಟೆಯನ್ನೂ ನಾದಸ್ವರವನ್ನೂ ಬಿಡಿಸಿ ತೆಗೆದು, ಆ ಜಾಗಕ್ಕೆ ಖಾಲಿ ಪಟ್ಟಿ ಅಂಟಿಸಿದೆ. ಹೆಸರುಗಳೆಲ್ಲ ಮೌನದಲ್ಲೇ ಬರಲಿ. ಬೀಗ ತೆಗೆಯಲಿ, ಗಂಡ ಹೆಂಡತಿ ಒಳಗೆ ಬರಲಿ, ಧೂಳಿನ ಹಜಾರ ದಾಟಲಿ. ಅಲ್ಲಿ ದೇವರ ಕೋಣೆಯ ಬಾಗಿಲು ಹೊರಗಿನಿಂದ ಚಿಲಕ ಹಾಕಿಕೊಂಡಿದೆ, ಒಳಗೆ ಯಾರೂ ಇರಲು ಸಾಧ್ಯವಿಲ್ಲ. ಹೆಂಡತಿ ಆ ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ, ತೆಗೆದಿಟ್ಟಿದ್ದ ಮೂರನೆಯ ಗಂಟೆಯನ್ನು ಒಳಗಿನಿಂದ ಬಾರಿಸಿದೆ.

ರಾಯರು ನೋಡಿದವರೇ ನನ್ನ ಕೈ ಹಿಡಿದುಕೊಂಡು ಮೊದಲಾಳಿಯ ಹತ್ತಿರ ಎಳೆದುಕೊಂಡು ಹೋದರು. ಹೊಸ ಸುರುಳಿ ಹಾಕಿ ತೋರಿಸಿದಾಗ ಮೊದಲಾಳಿ ಎಂದಿನಂತೆ ಎದ್ದು ನಿಂತು ನಮಸ್ಕರಿಸಿದರು. ಎರಡನೆಯ ಗಂಟೆಯಾಯಿತು. ಮೂರನೆಯದಾದ ಮೇಲಲ್ಲವೇ ಅವರು ಕೂರುವುದು? ಕೂರಲಿಲ್ಲ. ಮುಗಿದ ಕೈ ಇಳಿಸಲೂ ಇಲ್ಲ. ಹೆಸರುಗಳೆಲ್ಲ ಹೋದವು, ಹಜಾರ ಬಂತು, ಅವರು ನಿಂತೇ ಇದ್ದರು. ದೇವರ ಕೋಣೆಯಿಂದ ಟಣ್ ಎಂದಾಗ ಮೊದಲಾಳಿ ದೊಪ್ಪೆಂದು ಕುರ್ಚಿಯಲ್ಲಿ ಕುಸಿದರು. ಒಂದು ಕ್ಷಣ ಸುಧಾರಿಸಿಕೊಂಡು, "ವಿಳಕ್ಕು ಅಣೈಯಲೆ. ಮೂಣು ಮಣಿಯುಂ ಅಡಿಚ್ಚಾಚ್ಚು" ಎಂದು ತಮಗೆ ತಾವೇ ಹೇಳಿಕೊಂಡರು. ದೀಪ ಆರಲಿಲ್ಲ, ಮೂರು ಗಂಟೆಯೂ ಬಾರಿಸಿ ಆಯಿತು. ಶಾಸ್ತ್ರಕ್ಕೆ ಎಲ್ಲಿಯೂ ಲೋಪವಿಲ್ಲ. "ಸರಿ, ಪೋಡುಂಗ" ಎಂದು ಹಾಗೇ ಹಾಕಲು ಅಪ್ಪಣೆ ಕೊಟ್ಟು ನೀರು ತರಿಸಿ ಕುಡಿದರು.

ಮದ್ರಾಸಿನಲ್ಲಿ ಕನ್ನಡ ಸಿನಿಮಾಕ್ಕೆ ಸಿಗುತ್ತಿದ್ದದ್ದು ಭಾನುವಾರದ ಬೆಳಗಿನ ಆಟ. ಹೊರಗೆ ಸುಡುಬಿಸಿಲು. ಹಗಲು ಹೊತ್ತಿನಲ್ಲಿ ದೆವ್ವ ತೋರಿಸುವುದೆಂದರೆ ಏಕಾದಶಿಯ ದಿನ ಹೋಳಿಗೆ ಮಾರಿದಂತೆ. ಆದರೂ ಜನ ಬಂದರು. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು, ಹೋಟೆಲಿನವರು, ಕನ್ನಡ ಕೇಳದೆ ಕಿವಿ ಒಣಗಿದ್ದವರೆಲ್ಲ ಸಂಸಾರ ಸಮೇತ ಬಂದರು. ಅಣ್ಣಯ್ಯ ಹೋಟೆಲಿಗೆ ಅರ್ಧ ದಿನ ರಜೆ ಕೊಟ್ಟು ಬಂದಿದ್ದ. ಅವನು ನಡುವೆ, ಈ ಕಡೆ ಅತ್ತಿಗೆ, ಆ ಕಡೆ ನಾನು. ನಾನು ತೆರೆಯನ್ನು ನೋಡಲಿಲ್ಲ. ಅಣ್ಣಯ್ಯನ ಮುಖವನ್ನೇ ನೋಡುತ್ತ ಕೂತೆ, ನನ್ನ ಹಣೆಬರಹ ಬರೆದದ್ದು ಅಲ್ಲಿ.

ದೀಪ ಹತ್ತಿತು. ಥಿಯೇಟರಿನ ತುಂಬ ಕೈಗಳು ಎದ್ದವು. ಟಣ್. ಟಣ್.

ಆಮೇಲೆ ಏನೂ ಇಲ್ಲ.

ಮೊದಲು ಕೋಡುಬಳೆಯ ಸದ್ದು ನಿಂತಿತು. ಆಮೇಲೆ ಬೀಸಣಿಗೆಗಳು ನಿಂತವು. ಮುಗಿದ ಕೈಗಳು ಹಾಗೇ ಇದ್ದವು, ಮುಗಿಯದ ಪೂಜೆಯಲ್ಲಿ ಕೈ ಇಳಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ತಡೆಯಲಾರದೆ, "ಇನ್ನೊಂದು ಬಾರಿಸಿಬಿಡಿ ಮಾರಾಯ್ರೆ" ಎಂದು ಬೇಡಿಕೊಂಡರು. ಯಾರೂ ನಗಲಿಲ್ಲ. ಆ ಮೌನದಲ್ಲಿ ಹೆಸರುಗಳು ಒಂದೊಂದಾಗಿ ಹೋದವು. ಬೀಗ ತೆರೆಯಿತು. ಟ್ರಯಲಿನಲ್ಲಿ ಎಣ್ಣೆ ಹಾಕಬೇಕು ಅನ್ನಿಸಿಕೊಂಡ ಅದೇ ಬಾಗಿಲು ಕಿರ್ ಎಂದಾಗ ನನ್ನ ಹಿಂದಿನವರು ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ಅಣ್ಣಯ್ಯನ ಮುಖ ಕಲ್ಲಿನಂತಿತ್ತು. ದೇವರ ಕೋಣೆ ಬಂತು, ಚಿಲಕ ಬಂತು, ಚಿಲಕದ ಮೇಲೆ ಕೈ ಬಂತು.

ಟಣ್.

ಥಿಯೇಟರು ಹೋ ಎಂದಿತು. ನನ್ನ ಕೈಮಣಿಕಟ್ಟನ್ನು ಯಾರೋ ಗಬಕ್ಕನೆ ಹಿಡಿದರು. ನೋಡಿದರೆ ಅಣ್ಣಯ್ಯ. ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವ ಅಣ್ಣಯ್ಯ. ಆ ಹಿಡಿತ ಇಂಟರ್ವಲ್ಲಿನವರೆಗೂ ಸಡಿಲಲಿಲ್ಲ. ನನ್ನ ಬೆರಳು ಮರಗಟ್ಟಿಹೋಯಿತು, ನಾನು ಬಿಡಿಸಿಕೊಳ್ಳಲಿಲ್ಲ. ಅಷ್ಟು ಸುಖವಾದ ನೋವನ್ನು ನಾನು ಮತ್ತೆ ಉಂಡಿಲ್ಲ. ಬಿಳಿ ಸೀರೆಯವಳು ಅದೇ ಇಸ್ತ್ರಿಯ ಸೀರೆಯಲ್ಲಿ ಅದೇ ಮೆಟ್ಟಿಲಿಳಿದು ಬಂದಳು. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಇಸ್ತ್ರಿ ನೋಡಲು ಕಣ್ಣಿರಲಿಲ್ಲ. ಕಡೆಯವರೆಗೂ ಒಂದು ನಗು ಏಳಲಿಲ್ಲ. ಆಟ ಬಿಟ್ಟಾಗ ರಾಯರು ಬಾಗಿಲಲ್ಲಿ ನಿಂತು ಬೆವತ ಜನರಿಗೆಲ್ಲ ಕೈ ಮುಗಿಯುತ್ತಿದ್ದರು. ನನಗಂತೂ ಆ ಬಿಸಿಲಿನಲ್ಲಿ ರಸ್ತೆಯ ನಡುವೆ ನಿಂತು ಕೂಗಬೇಕೆನಿಸಿತು. ಗೆದ್ದಿದ್ದೆ. ಯಾರು ಏನೇ ಹೇಳಲಿ, ಒಂದು ಗಂಟೆಯನ್ನು ಬಾರಿಸದೆ ಒಂದು ಥಿಯೇಟರನ್ನು ಗೆದ್ದಿದ್ದೆ.

ಬಸ್ಸಿನಲ್ಲಿ ಅಣ್ಣಯ್ಯನನ್ನು ನಾನೇ ಕೇಳಿದೆ, "ಹೇಗಿತ್ತು?" ಎಂದು.

"ನೋಡುವ" ಎಂದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಜನ ಹೆದರಿದ್ದನ್ನು ಅವನು ಒಪ್ಪುತ್ತಾನೋ, ತಾನು ಹೆದರಿದ್ದು ನಾಚಿಕೆಯಾಗಿ ಮಾತು ತಿರುಗಿಸುತ್ತಾನೋ ಎಂದು ನನಗೆ ಹೊಸ ಚಿಂತೆ ಹತ್ತಿಕೊಂಡಿತು.

ಮರುದಿನ ಬೆಳಗ್ಗೆ ಎಂದಿನಂತೆ ಖಾಕಿಯವರು ಹೊರಗೆ ನೆರೆದಿದ್ದರು. ದಪ್ಪ ಮೀಸೆಯವನು ವರ್ಕ್‌ಶಾಪಿಗೆ ಒಯ್ದು ತಂತಿ ಹಾಕಿಸಿ ತಂದಿದ್ದ ಗಂಟೆ ಅಣ್ಣಯ್ಯನ ಕೈಯಲ್ಲಿತ್ತು. ನಾನು ಪಕ್ಕದಲ್ಲಿ, ಖಾಲಿ ಗಲ್ಲಾದ ಕುರ್ಚಿಯನ್ನು ನೋಡದಂತೆ ನೋಡುತ್ತ ನಿಂತಿದ್ದೆ. ಅಣ್ಣಯ್ಯ ದೀಪ ಹಚ್ಚಿದ. ಟಣ್. ಟಣ್.

ನಿಲ್ಲಿಸಿದ.

ಮೀಸೆಯವನ ಕಾಲು ಹೊಸ್ತಿಲ ಮೇಲೆ ನಿಂತಿತು. ಅಡುಗೆಮನೆಯಿಂದ ಅತ್ತಿಗೆ ಸೌಟು ಹಿಡಿದು ಇಣುಕಿದಳು. ದೇವರ ಮುಂದೆ ಜೀವಮಾನದಲ್ಲಿ ತಮಾಷೆ ಮಾಡದ ಅಣ್ಣಯ್ಯ, ಗಂಟೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಉಸಿರು ಕಟ್ಟಿ ನಿಂತ ಅಷ್ಟು ಜನರನ್ನೂ ಒಂದು ಸಲ ಸಾವಕಾಶವಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಅವನ ತುಟಿಯಂಚಿನಲ್ಲಿ ನಗು ಅದುಮಿಟ್ಟುಕೊಂಡದ್ದು ಕಾಣಿಸಿತು.

"ಹೌದು ಮಾರಾಯ, ಕೆಲಸ ಮಾಡ್ತದೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿ, ಟಣ್ ಎಂದು ಬಾರಿಸಿದ.

ಜನ ನುಗ್ಗಿದರು. ಅಣ್ಣಯ್ಯ ಮೊದಲ ಲೋಟವನ್ನು ಕೃಷ್ಣನ ಮುಂದಿಟ್ಟ. ಎರಡನೆಯದನ್ನು ನನ್ನ ಕೈಗೆ ಕೊಟ್ಟು, ಹೋಗಿ ತಾನೇ ಗಲ್ಲಾದಲ್ಲಿ ಕೂತ.

"ಬೇಗ ಕುಡಿ" ಎಂದ. "ವಡಪಳನಿ ಬಸ್ಸು ನಿನಗೆ ಕಾಯುದಿಲ್ಲ."